ಎರಡನೆಯ ಬಾಟಲಿ

ಅವಳು ಸುಳ್ಳು ಬರೆಯುವವಳಲ್ಲ. ಹಾಗಾದರೆ ನೀರು ಸೋಸುವ ಮೆಂಬ್ರೇನ್ ಸುಳ್ಳು ಹೇಳುತ್ತಿದೆಯೇ? ಅದಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ?

ಅವನು ನೀರಿನ ಪರೀಕ್ಷೆಯ ಪುಸ್ತಕದ ಪುಟಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಿದ. ಭಾನುವಾರ ಬಿಟ್ಟು ಮೂವತ್ತೊಂಬತ್ತು ದಿನ, ದಿನಕ್ಕೊಂದು ಸಾಲು. ಕ್ಲೋರಿನ್: ಇಲ್ಲ. ಕ್ಲೋರಿನ್: ಇಲ್ಲ. ಒಂದೇ ನೀಲಿ ಶಾಯಿ, ಬಲಕ್ಕೆ ಸ್ವಲ್ಪ ವಾಲಿದ ಒಂದೇ ಅಕ್ಷರ. ನಿಜವಾಗಿ ಪರೀಕ್ಷೆ ಮಾಡುವವರ ಕೈ ಒಂದು ದಿನವಾದರೂ ಅವಸರಪಡುವುದಿಲ್ಲವೇ? ಒದ್ದೆ ಬೆರಳು ತಾಗಿ ಒಂದು ಅಕ್ಷರವಾದರೂ ಕಲಸಿಹೋಗುವುದಿಲ್ಲವೇ? ಇಷ್ಟು ಚೆಂದದ ಪುಟಗಳನ್ನು ಕುರ್ಚಿಯ ಮೇಲೆ ಕೂತು, ಒಮ್ಮೆಗೇ ಬರೆಯಬಹುದು.

ಹಾಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೆ ಪುಟ ಮುಚ್ಚಲಿಲ್ಲ.

ಆ ಡಯಾಲಿಸಿಸ್ ಸೆಂಟರಿನ ನೀರಿನ ಕೋಣೆ ಕಟ್ಟಡದ ಹಿಂಭಾಗದಲ್ಲಿತ್ತು. ಕಿಟಕಿ ಒಂದೇ. ಗೋಡೆಯುದ್ದಕ್ಕೂ ಆಳೆತ್ತರದ ಟ್ಯಾಂಕುಗಳು: ಮರಳಿನದು, ಉಪ್ಪಿನದು, ಕಾರ್ಬನ್ನಿನದು. ಊರಿನ ನಲ್ಲಿಯ ನೀರು ಇವನ್ನೆಲ್ಲ ದಾಟಿ ಆರ್‌ಓ ಮೆಂಬ್ರೇನುಗಳಿಗೆ ಹೋಗಿ, ಅಲ್ಲಿಂದ ಶುದ್ಧವಾಗಿ ಆಚೆ ಕೋಣೆಯ ಆರು ಹಾಸಿಗೆಗಳ ಯಂತ್ರಗಳಿಗೆ ಸೇರುತ್ತಿತ್ತು. ಅಲ್ಲಿ ಅದು ರಕ್ತದ ಪಕ್ಕದಲ್ಲೇ ಹರಿಯುತ್ತದೆ, ನಡುವೆ ಬಟ್ಟೆಗಿಂತ ತೆಳುವಾದ ಒಂದು ಪೊರೆ. ನಾವು ಕುಡಿದರೆ ಏನೂ ಆಗದ ಕ್ಲೋರಿನ್ ಅಲ್ಲಿ ರಕ್ತವನ್ನೇ ಒಡೆಯುತ್ತದೆ.

ಅವತ್ತು ಭಾನುವಾರ. ರೋಗಿಗಳಿಲ್ಲದ ದಿನ, ಮೆಂಬ್ರೇನ್ ತೊಳೆಯುವ ದಿನ. ಶುದ್ಧ ನೀರಿನ ಟಿಡಿಎಸ್, ಅಂದರೆ ಕರಗಿ ಉಳಿದ ಲವಣದ ಅಳತೆ, ಎಂಟು ಇದ್ದದ್ದು ಇಪ್ಪತ್ತೇಳಕ್ಕೆ ಏರಿದೆ ಎಂದು ಅವಳೇ ಫೋನ್ ಮಾಡಿ ಕರೆಸಿದ್ದಳು. ಹಾಕಿ ಒಂದೂವರೆ ತಿಂಗಳಾಗಿದ್ದ ಹೊಸ ಮೆಂಬ್ರೇನುಗಳು. ಸುಣ್ಣ ಕಟ್ಟಿರಬಹುದೆಂದು ಅವನು ಬೆಳಿಗ್ಗೆ ಸಿಟ್ರಿಕ್ ಆಸಿಡ್ ಕಲಸಿ ಒಂದು ಗಂಟೆ ಸುತ್ತಿಸಿದ. ಇಪ್ಪತ್ತೇಳು ಇಳಿಯಲಿಲ್ಲ. ಪಾಚಿಯಂಥದ್ದು ಕೂತಿರಬಹುದೆಂದು ಕ್ಷಾರದ ದ್ರಾವಣ ಸುತ್ತಿಸಿ, ನೀರು ಬಿಟ್ಟು ಬಿಟ್ಟು ತೊಳೆದ. ಇಪ್ಪತ್ತೊಂಬತ್ತಾಯಿತು.

ತೊಳೆದರೂ ಹೋಗದ್ದು ಕೊಳೆಯಲ್ಲ, ಗಾಯ. ಮೆಂಬ್ರೇನಿನ ಚರ್ಮವನ್ನು ಹೀಗೆ ಸುಡುವುದು ಒಂದೇ: ಕ್ಲೋರಿನ್. ಅದನ್ನು ತಡೆಯುವುದು ಕಾರ್ಬನ್ ಟ್ಯಾಂಕ್. ತಡೆಯುತ್ತಿದೆಯೇ ಎಂದು ನೋಡಲು ಆ ಟ್ಯಾಂಕಿನ ಬಾಯಲ್ಲೇ ಒಂದು ಪುಟ್ಟ ನಲ್ಲಿ. ದಿನಾ ಬೆಳಿಗ್ಗೆ ಮೊದಲ ರೋಗಿಗೆ ಸೂಜಿ ಚುಚ್ಚುವ ಮುಂಚೆ ಅಲ್ಲಿಂದ ನೀರು ಹಿಡಿದು ಔಷಧಿ ಹನಿ ಹಾಕಬೇಕು. ಗುಲಾಬಿ ಬಂದರೆ ಕ್ಲೋರಿನ್ ಇದೆ, ಕೆಲಸ ನಿಲ್ಲಿಸಬೇಕು. ಇದನ್ನೆಲ್ಲ ಅವಳಿಗೆ ಕಲಿಸಿದವನು ಅವನೇ.

ಅವನೂ ಹಿಡಿದು ನೋಡಿದ. ಬಣ್ಣ ಬರಲಿಲ್ಲ. ಇವತ್ತು ಇಲ್ಲ. ಆದರೆ ಒಂದಲ್ಲ ಒಂದು ದಿನ ಬಂದೇ ಇರಬೇಕು, ಮೆಂಬ್ರೇನ್ ಸುಮ್ಮನೆ ಸುಡುವುದಿಲ್ಲ. ಆ ದಿನವೂ ಪುಸ್ತಕದಲ್ಲಿ 'ಇಲ್ಲ' ಎಂದೇ ಇದೆ.

"ಏನು ನೀರು, ಪುಸ್ತಕ ಓದಿ ಮುಗೀತಾ? ಪರೀಕ್ಷೆ ಇದೆಯಾ ನಾಳೆ?"

ಬಾಗಿಲಲ್ಲಿ ಅವಳು, ಎರಡು ಲೋಟ ಟೀ ಹಿಡಿದು. ಡಯಾಲಿಸಿಸ್ ಟೆಕ್ನಿಷಿಯನ್. ರೋಗಿಗಳು ಇಟ್ಟ ಹೆಸರು ಹೆಡ್‌ಮಿಸ್ಸು, ಒಂದು ಗುಟುಕು ನೀರು ಹೆಚ್ಚು ಕುಡಿದು ಬಂದರೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ಪತ್ತೆ ಮಾಡುತ್ತಿದ್ದಳು. ನೀರಿನ ಯಂತ್ರಗಳ ಸರ್ವೀಸ್ ಮಾಡುವ ಅವನನ್ನು ಎಲ್ಲರೂ 'ನೀರಣ್ಣ' ಎನ್ನುತ್ತಿದ್ದರು. ಅವಳು ಮಾತ್ರ ಅಣ್ಣನನ್ನು ಬಿಟ್ಟು ಬರೀ ನೀರು ಎನ್ನುತ್ತಿದ್ದಳು. ಮೂರನೇ ಹಾಸಿಗೆಯ ಮೇಷ್ಟ್ರು ಇದನ್ನು ಮೊದಲ ವಾರವೇ ಗುರುತಿಸಿ, "ಲೆಕ್ಕದಲ್ಲಿ ಏನನ್ನ ಬಿಟ್ಟಿದಾರೆ ಅನ್ನೋದೇ ಮುಖ್ಯ ಕಣಪ್ಪ" ಎಂದು ಅವನ ಕಿವಿಯಲ್ಲಿ ಹೇಳಿದ್ದರು. ಅವತ್ತಿನಿಂದ ಅವನು ಸರ್ವೀಸಿಗೆ ಬರುವ ದಿನ ಇಸ್ತ್ರಿ ಹಾಕಿದ ಅಂಗಿ ತೊಡುತ್ತಿದ್ದ.

"ಟಿಡಿಎಸ್ ಇಳಿದಿಲ್ಲ," ಎಂದ.

"ಇಳಿಯಲ್ವಾ?"

"ಇಳಿಯಲ್ಲ."

ಅವಳು ಟೀ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಬೇರೆ ದಿನವಾಗಿದ್ದರೆ ಆ ಒಂದು ಕ್ಷಣವನ್ನು ಅವನು ಮನೆಯವರೆಗೂ ಜೋಪಾನವಾಗಿ ಒಯ್ಯುತ್ತಿದ್ದ. ಇವತ್ತು ಅವನು ನೋಡಿದ್ದು ಅವಳ ಕಣ್ಣನ್ನು. ಅದು ಅವನ ಮೇಲಿರಲಿಲ್ಲ. ಮೆಂಬ್ರೇನ್ ಬಂದಿದ್ದ ಖಾಲಿ ರಟ್ಟಿನ ಡಬ್ಬಗಳ ಮೇಲಿತ್ತು.

"ಹೊಸ ಮೆಂಬ್ರೇನೇ ತಾನೆ ಹಾಕಿದ್ದು?" ಅವಳು ಮೆಲ್ಲಗೆ ಕೇಳಿದಳು.

"ನಿಮ್ಮ ಎದುರಿಗೇ ಡಬ್ಬ ಒಡೆದೆನಲ್ಲ."

"ಒಡೆದಿದ್ದು ನೋಡಿದೆ. ಹಾಕಿದ್ದು ನೋಡಲಿಲ್ಲ. ಅಷ್ಟೊತ್ತಿಗೆ ಡಯಾಲಿಸಿಸ್ ಮುಗಿಸಿ ಎದ್ದ ಮೇಷ್ಟ್ರಿಗೆ ಬಿಪಿ ಬಿದ್ದು ಓಡಿದ್ದೆ." ನಕ್ಕಳು. ನಗು ತುಟಿಯಲ್ಲೇ ಉಳಿಯಿತು. "ಸುಮ್ನೆ ಕೇಳಿದೆ."

ಸುಮ್ಮನೆ ಕೇಳುವವರು ಡಬ್ಬದ ಮೇಲಿನ ನಂಬರ್ ಓದುವುದಿಲ್ಲ. ತಪ್ಪು ತನ್ನ ಮೇಲೆ ಬರುವ ಮೊದಲೇ ಇವಳು ಅದನ್ನು ಇನ್ನೊಬ್ಬರ ಮೇಲೆ ಹೊರಿಸಲು ನೋಡುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಲೋಟ ಎತ್ತಿಕೊಳ್ಳಲು ಅವಳು ಬಗ್ಗಿದಾಗ ಏಪ್ರನ್ನಿನ ಜೇಬಿನಲ್ಲಿ ಏನೋ ಉಬ್ಬಿತ್ತು. ಬೆರಳುದ್ದದ ಗಾಜಿನ ಬಾಟಲಿ. ಅವನು ನೋಡಿದ್ದು ಗೊತ್ತಾದ ಕೂಡಲೇ ಅವಳು ಜೇಬಿನ ಮೇಲೆ ಕೈಯಿಟ್ಟುಕೊಂಡಳು.

ಅವನು ಏನೂ ಕೇಳಲಿಲ್ಲ. ಕೇಳುವುದು ಅವನಿಗೆ ಬರುತ್ತಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ನುಂಗಿ, ಒಳಗೇ ಕೂರಿಸಿಕೊಂಡು, ಅದು ತಾನೇ ಉತ್ತರವಾಗಲಿ ಎಂದು ಕಾಯುವ ಸ್ವಭಾವ.

"ಡಾಕ್ಟರಮ್ಮ ಬುಧವಾರ ರಿಪೋರ್ಟ್ ಕೇಳಿದಾರೆ," ಎಂದಳು ಹೊರಡುತ್ತ. "ಯಾಕೆ ಹಿಂಗಾಯ್ತು ಅಂತ ನೀವೇ ಬರೆದು ಕೊಡ್ಬೇಕಂತೆ."

*

"ತಿಂಗಳಿಗೊಂದು ಸಲ ಹೋಗೋನು ವಾರಕ್ಕೆ ಮೂರು ಸಲ ಹೋಗ್ತಿದೀಯ," ಎಂದಳು ಅಕ್ಕ, ಬಟ್ಟೆ ಮಡಚುತ್ತ. "ಅಲ್ಲಿ ನೀರು ಕೆಟ್ಟಿದೆಯಾ, ಇಲ್ಲಿ ನೀನು ಕೆಟ್ಟಿದೀಯಾ?"

"ಅಕ್ಕಾ."

"ಏನು ಅಕ್ಕಾ? ನಿಮ್ಮ ಭಾವನೂ ಹಿಂಗೇ ಇದ್ರು. ಮದುವೆಗೆ ಮುಂಚೆ ನಮ್ಮನೆ ರೇಡಿಯೋ ರಿಪೇರಿಗೆ ನಾಲ್ಕು ಸಲ ಬಂದ್ರು. ರೇಡಿಯೋಗೆ ಏನೂ ಆಗಿರ್ಲಿಲ್ಲ."

ಒಳಗಿನಿಂದ ಭಾವ, "ಆಗಿತ್ತು. ಸೆಲ್ ಇರ್ಲಿಲ್ಲ," ಎಂದರು.

ಅವನು ನಗಲಿಲ್ಲ. ಮೇಜಿನ ಮೇಲೆ ಖಾಲಿ ಹಾಳೆ. ಬರೆಯಬೇಕಾದ ಸಾಲು ಗೊತ್ತಿತ್ತು: ದಿನದ ಕ್ಲೋರಿನ್ ಪರೀಕ್ಷೆ ನಡೆದಿಲ್ಲ. ಇಷ್ಟು ಬರೆದರೆ ಅವಳ ಕೆಲಸ ಹೋಗುತ್ತದೆ, ಇನ್ನು ಯಾವ ಸೆಂಟರಿನಲ್ಲೂ ಸಿಗುವುದಿಲ್ಲ. ಬರೆಯದಿದ್ದರೆ ಒಂದು ಬೆಳಿಗ್ಗೆ ಆರು ಹಾಸಿಗೆಗಳಲ್ಲಿ ಆರು ಜನ.

"ಅಕ್ಕ, ನಿನಗೆ ಬೇಕಾದೋರು ತಪ್ಪು ಮಾಡ್ತಿದಾರೆ ಅಂತ ಅನುಮಾನ ಬಂದ್ರೆ ಏನು ಮಾಡ್ತೀಯ?"

ಅಕ್ಕ ಮಡಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಕೇಳ್ತೀನಿ. ಬಾಯಿ ಕೊಟ್ಟಿರೋದು ಯಾಕೆ, ಬರೀ ಉಣ್ಣೋಕಾ?"

ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಕೇಳುವ ಬದಲು, ನೋಡುವುದೆಂದು ನಿರ್ಧರಿಸಿದ.

*

ಸೋಮವಾರ ಅವಳು ಬರುವ ಮೊದಲೇ ಅವನು ನೀರಿನ ಕೋಣೆಯಲ್ಲಿದ್ದ. ಕಾವಲಿನವನಿಗೆ ಪಂಪ್ ನೋಡಬೇಕೆಂದು ಹೇಳಿ, ಉಪ್ಪಿನ ಟ್ಯಾಂಕಿನ ಹಿಂದೆ ಕಳ್ಳನಂತೆ ನಿಂತ. ಕಿಟಕಿಯಲ್ಲಿ ಬೆಳಕು ಈಗಷ್ಟೇ ಹರಿಯುತ್ತಿತ್ತು.

ಅವಳು ಬಂದಳು. ಕೂದಲು ಇನ್ನೂ ಒದ್ದೆಯಿತ್ತು. ಕಾರ್ಬನ್ ಟ್ಯಾಂಕಿನ ನಲ್ಲಿ ತಿರುಗಿಸಿ, ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನೀರು ಹರಿಯಲು ಬಿಟ್ಟಳು. ಬಾಟಲಿಗೆ ಹಿಡಿದಳು. ಹನಿ ಹಾಕಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಕಣ್ಣು ಕಿರಿದು ಮಾಡಿದಳು, ಸೂಜಿಗೆ ದಾರ ಪೋಣಿಸುವವರ ಹಾಗೆ. ಬಣ್ಣವಿಲ್ಲ. ಕೈ ಒರೆಸಿಕೊಂಡಳು, ಬೆರಳು ಬೆರಳನ್ನೂ ಒರೆಸಿಕೊಂಡಳು, ಆಮೇಲೆ ಬರೆದಳು.

ಆದ್ದರಿಂದಲೇ ಶಾಯಿ ಕಲಸುತ್ತಿರಲಿಲ್ಲ. ಅವನ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಮರುಗಳಿಗೆಯಲ್ಲೇ ಮತ್ತೆ ಏರಿತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಜೇಬಿನಿಂದ ಎರಡನೆಯ ಬಾಟಲಿ ತೆಗೆದಳು. ಕೋಣೆಯ ಇನ್ನೊಂದು ತುದಿಗೆ, ಮೆಂಬ್ರೇನುಗಳನ್ನು ದಾಟಿ ನೀರು ಹೊರಬರುವಲ್ಲಿಗೆ ಹೋದಳು. ಅಲ್ಲಿಯೂ ನೀರು ಹಿಡಿದು ಹನಿ ಹಾಕಿ, ಬೆನ್ನು ತಿರುಗಿಸಿ ನೋಡಿದಳು. ಆಮೇಲೆ ಅಲ್ಲಿಂದಲೇ ಬೇರೆ ನೀರು ತುಂಬಿಸಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಜೇಬಿಗಿಳಿಸಿದಳು. ಇದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಅಲ್ಲಿ ಯಾರೂ ಕ್ಲೋರಿನ್ ಪರೀಕ್ಷೆ ಮಾಡುವುದಿಲ್ಲ. ಕಾರ್ಬನ್ನಿನ ಬಾಯಲ್ಲಿ ಇಲ್ಲದ್ದು ಮುಂದೆ ಎಲ್ಲಿಂದ ಬರಬೇಕು? ಅಲ್ಲಿ ಹುಡುಕುವವರಿಗೆ ಅಲ್ಲಿ ಏನಿದೆಯೆಂದು ಮೊದಲೇ ಗೊತ್ತಿರಬೇಕು. ಇವತ್ತು ನೆಟ್ಟಗೆ ಪರೀಕ್ಷೆ ಮಾಡಿದವಳು ಹಿಂದೆ ಯಾವತ್ತೋ ಬಿಟ್ಟಿರಬೇಕು. ಈಗ ಹೆದರಿ, ಅದರ ಫಲ ಎಷ್ಟು ದೂರ ಹೋಗಿದೆಯೆಂದು ಗುಟ್ಟಾಗಿ ನೋಡುತ್ತಿರಬೇಕು.

ಮಂಗಳವಾರವೂ ಅದೇ. ಆದರೆ ಅವತ್ತು ಅವಳು ಹೊರಡುವಾಗ, ಟ್ಯಾಂಕುಗಳ ಕಡೆ ತಿರುಗದೆಯೇ ಹೇಳಿದಳು: "ಉಪ್ಪಿನ ಟ್ಯಾಂಕಿನ ಹಿಂದೆ ಜೇಡ ಇದೆ. ಹುಷಾರು."

ಅವನು ಹೊರಬಂದ. ಕಿವಿ ಬಿಸಿಯಾಗಿತ್ತು. "ಪಂಪ್ ಸದ್ದು ಕೇಳ್ತಿದ್ದೆ."

"ಪಂಪ್ ಈ ಕಡೆ ಇದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅವಳ ರೆಪ್ಪೆಯ ಮೇಲೆ ಒಂದು ಹನಿ ನೀರಿತ್ತು, ಬೀಳಲೋ ಬೇಡವೋ ಎಂದು ಯೋಚಿಸುತ್ತಿದ್ದ ಹಾಗೆ. ಆ ಕಣ್ಣಿನಲ್ಲಿ ಅವನು ಎರಡನ್ನೂ ಕಂಡ. ಬೇಕು ಅನ್ನುವುದು ಒಂದು, ನಂಬಲಾರೆ ಅನ್ನುವುದು ಇನ್ನೊಂದು. ತನ್ನ ಕಣ್ಣಿನಲ್ಲೂ ಅವಳಿಗೆ ಅವೇ ಕಾಣುತ್ತಿವೆಯೇನೋ.

"ಏನಾದ್ರೂ ಕೇಳ್ಬೇಕಾ ನೀರು?"

"ಇಲ್ಲ. ನಿಮಗೆ?"

"ಇಲ್ಲ."

*

ಬುಧವಾರ ಬೆಳಿಗ್ಗೆ ಅಕ್ಕ ಬಚ್ಚಲಿನಿಂದ ಕೂಗಿದಳು. "ಏನೋ ಇದು ನೀರು! ಮುಖ ತೊಳೆದ್ರೆ ಕಣ್ಣು ಉರೀತಿದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಮೂಟೆಗಟ್ಟಲೆ ಸುರಿದಿದಾರಾ?"

ಅವನು ಬಕೆಟಿಗೆ ಬಗ್ಗಿ ಮೂಸಿದ. ಚಪ್ಪಲಿ ಮೆಟ್ಟಿಕೊಂಡು ಹಾಗೇ ಓಡಿದ.

ಸೆಂಟರಿನ ಹೊರಗಿನ ಬೆಂಚಿನ ಮೇಲೆ ಮೊದಲ ಸರದಿಯ ಆರೂ ಜನ ಕೂತಿದ್ದರು. ಮೇಷ್ಟ್ರು ಮಡಿಲಲ್ಲಿ ಹೊದಿಕೆ ಇಟ್ಟುಕೊಂಡು, "ಬಾರಪ್ಪಾ. ಹೆಡ್‌ಮಿಸ್ಸು ಒಳಗೆ ಬಿಡ್ತಿಲ್ಲ. ನಾವೇನು ಹೋಂವರ್ಕ್ ಮಾಡಿಲ್ವೋ ಏನೋ," ಎಂದರು.

ನೀರಿನ ಕೋಣೆಯಲ್ಲಿ ಪಂಪ್ ನಿಂತಿತ್ತು. ಆ ಮೌನದಲ್ಲಿ ಅವಳು ಎರಡು ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ನಿಂತಿದ್ದಳು. ಕಾರ್ಬನ್ ಟ್ಯಾಂಕಿನ ಬಾಯಿಂದ ಹಿಡಿದದ್ದು ಗಾಜಿನಷ್ಟೇ ತಿಳಿ. ಮೆಂಬ್ರೇನ್ ದಾಟಿ ಬಂದದ್ದರಲ್ಲಿ ಗುಲಾಬಿ. ಬಹಳ ತೆಳು, ಉಗುರಿನ ಬುಡದಲ್ಲಿರುತ್ತದಲ್ಲ ಅಷ್ಟು.

"ಹೇಳಿ," ಎಂದಳು. "ಇಲ್ಲಿ ಇಲ್ಲ, ಅಲ್ಲಿ ಇದೆ. ನಡುವೆ ನೀವು ಏನು ಹಾಕಿದೀರಿ?"

ಅವನು ಬಾಟಲಿಗಳನ್ನು ನೋಡಿದ. ಆಮೇಲೆ ಪೈಪುಗಳನ್ನು. ಟ್ಯಾಂಕಿನ ಬಾಯಿಂದ ಮೆಂಬ್ರೇನಿನವರೆಗೆ ಬೆರಳಿಟ್ಟುಕೊಂಡೇ ಹೋದ. ನಡುವೆ ಬಂದು ಸೇರುವುದು ಒಂದೇ ಒಂದು ಪೈಪ್: ಬೈಪಾಸ್. ಕಾರ್ಬನ್ ಟ್ಯಾಂಕ್ ತೊಳೆಯುವಾಗ ನೀರನ್ನು ಟ್ಯಾಂಕಿನೊಳಗೆ ಬಿಡದೆ ಪಕ್ಕದಿಂದ ದಾಟಿಸುವ ದಾರಿ. ಅದು ಬಂದು ಸೇರುವುದು ಪರೀಕ್ಷೆಯ ನಲ್ಲಿಗಿಂತ ಒಂದು ಗೇಣು ಮುಂದೆ. ಅದರ ವಾಲ್ವಿನ ಹಿಡಿ ಪೈಪಿಗೆ ಅಡ್ಡವಾಗಿಯೇ ಇತ್ತು. ಅಡ್ಡ ಎಂದರೆ ಮುಚ್ಚಿದೆ ಎಂದು.

"ಪಂಪ್ ಒಂದು ನಿಮಿಷ ಹಾಕಿ."

ಅವಳು ಹಾಕಿದಳು. ಅವನು ಆ ಪೈಪಿನ ಮೇಲೆ ಅಂಗೈ ಇಟ್ಟ. ಮುಚ್ಚಿದ ಪೈಪ್ ಸುಮ್ಮನಿರಬೇಕಿತ್ತು. ಒಳಗೆ ಸಣ್ಣಗೆ ಏನೋ ಹರಿಯುತ್ತಿತ್ತು, ನಾಡಿಯ ಹಾಗೆ.

ಸ್ಪ್ಯಾನರ್ ತೆಗೆದು ಹಿಡಿಯ ನಟ್ಟು ಬಿಚ್ಚಿ ಹಿಡಿಯನ್ನು ಎತ್ತಿದ. ವಾಲ್ವಿನ ತಲೆಯ ಮೇಲಿನ ಗೆರೆ ಪೂರ್ತಿ ಅಡ್ಡವಿರಲಿಲ್ಲ, ಓರೆಯಾಗಿತ್ತು. ಒಳಗಿನ ಗುಂಡು ಒಂದು ಎಳೆಯಷ್ಟು ತೆರೆದೇ ಇತ್ತು.

ಒಂದೂವರೆ ತಿಂಗಳ ಹಿಂದೆ ಮೆಂಬ್ರೇನ್ ಹಾಕುವಾಗ ಸ್ಪ್ಯಾನರ್ ಆಡಿಸಲು ಜಾಗ ಸಾಲದೆ ಈ ಹಿಡಿಯನ್ನು ಕಳಚಿದ್ದವನು ಅವನೇ. ತಿರುಗಿ ಕೂರಿಸುವಾಗ, ಮೇಷ್ಟ್ರನ್ನು ನೋಡಿಕೊಂಡು ವಾಪಸಾಗಿದ್ದ ಅವಳು ಬಾಗಿಲಿಗೆ ಒರಗಿ, "ನೀವು ಯಾಕೆ ಇಷ್ಟು ಕಮ್ಮಿ ಮಾತಾಡ್ತೀರಾ?" ಎಂದು ಕೇಳಿದ್ದಳು. ಉತ್ತರ ಹುಡುಕುತ್ತ, ಅವಳ ಕಡೆ ನೋಡುತ್ತ, ನೋಡದ ಕೈಯಲ್ಲಿ ಅವನು ಹಿಡಿಯನ್ನು ಗೆರೆಗೆ ಸರಿಯಾಗಿ ಕೂರಿಸದೆ ನಟ್ಟು ಬಿಗಿದಿದ್ದ. ಊರಿನ ನೀರಿಗೆ ಹೆಚ್ಚು ಕ್ಲೋರಿನ್ ಹಾಕಿದ ದಿನಗಳಲ್ಲೆಲ್ಲ ಅದು ಆ ಎಳೆಯಿಂದ ನುಸುಳಿ ಹೋಗಿತ್ತು, ಪರೀಕ್ಷೆಯ ನಲ್ಲಿಯ ಬೆನ್ನ ಹಿಂದೆ. ಅವಳು ನಲ್ಲಿಯಲ್ಲಿ ಕಂಡದ್ದನ್ನೇ ಬರೆದಿದ್ದಳು. ಮೂವತ್ತೊಂಬತ್ತು ದಿನವೂ.

ಅವನು ಹಿಡಿಯನ್ನು ನೆಲದ ಮೇಲಿಟ್ಟ.

"ಇದು ನಾನು ಮಾಡಿದ್ದು," ಎಂದ.

*

ಡಾಕ್ಟರಮ್ಮನ ಮುಂದೆಯೂ ಅಷ್ಟೇ ಹೇಳಿದ, ಹೆಚ್ಚಿಲ್ಲ ಕಡಿಮೆಯಿಲ್ಲ. ಅವರು ಎಲ್ಲ ರೋಗಿಗಳ ರಕ್ತ ಪರೀಕ್ಷೆ ಮಾಡಿಸಿದರು. ಇಬ್ಬರಿಗೆ ಹಿಮೋಗ್ಲೋಬಿನ್ ಇಳಿದಿತ್ತು, ಅದರಲ್ಲೊಬ್ಬರು ಮೇಷ್ಟ್ರು. ಮೂರು ವಾರ ಔಷಧಿ ಬೇಕಾಯಿತು. ಮಾತ್ರೆ ನುಂಗುವಾಗಲೆಲ್ಲ ಮೇಷ್ಟ್ರು, "ಪ್ರೀತಿ ಮಾಡೋರು ಇವರು, ರಕ್ತ ಕೊಡೋನು ನಾನು," ಎನ್ನುತ್ತಿದ್ದರು. ಅವನಿಗೆ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಡಾಕ್ಟರಮ್ಮ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. "ಇನ್ನು ಮೇಲೆ ಎರಡೂ ಕಡೆ ಟೆಸ್ಟ್, ಎರಡೂ ಪುಸ್ತಕದಲ್ಲಿ. ಮತ್ತೆ ನೀವು ಒಬ್ಬರೇ ಒಂದು ನಟ್ಟೂ ಮುಟ್ಟೋ ಹಾಗಿಲ್ಲ. ಇವಳು ಪಕ್ಕದಲ್ಲಿ ನಿಂತು ಒಂದೊಂದು ವಾಲ್ವೂ ನೋಡಬೇಕು. ನೀವು ಇವಳನ್ನಲ್ಲ, ವಾಲ್ವನ್ನ ನೋಡಬೇಕು."

ಇದು ಅವರಿಗೆ ಹೇಗೆ ತಿಳಿಯಿತೋ ಅವನು ಕೇಳಲಿಲ್ಲ.

ಮುಂದಿನ ಭಾನುವಾರವೇ ಹೊಸ ಮೆಂಬ್ರೇನುಗಳು ಬಂದವು. ಅವಳು ಡಬ್ಬದ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿದಳು, ಅವನು ಗಟ್ಟಿಯಾಗಿ ಹೌದೆಂದ. ರಬ್ಬರ್ ಉಂಗುರಗಳಿಗೆ ಅವಳೇ ಗ್ಲಿಸರಿನ್ ಸವರಿ ಒಂದೊಂದಾಗಿ ಅವನ ಕೈಗಿಟ್ಟಳು. ಬೈಪಾಸ್ ಪೈಪನ್ನು ಕತ್ತರಿಸಿ ಎರಡೂ ತುದಿಗೆ ಮುಚ್ಚಳ ಬಡಿದಿದ್ದರು. ನೀರು ಹರಿಯಿತು. ಟಿಡಿಎಸ್ ಎಂಟು. ಎರಡೂ ಬಾಟಲಿ ತಿಳಿ.

ಅವಳು ಬಾಟಲಿಗಳನ್ನು ತೊಳೆಯುತ್ತ, ಅವನ ಕಡೆ ತಿರುಗದೆ ಹೇಳಿದಳು:

"ನಿಮ್ಮ ಹತ್ರ ಒಂದು ಹೇಳ್ಬೇಕು. ಬೈಬೇಡಿ."

"ನಾನ್ಯಾಕೆ ಬೈಲಿ?"

"ನಾನು ನಿಮ್ಮನ್ನ ಅನುಮಾನಪಟ್ಟೆ. ಹಳೇ ಮೆಂಬ್ರೇನ್ ಹಾಕಿ ಹೊಸದು ಅಂದಿದೀರಿ ಅಂತ. ಲ್ಯಾಬಿಗೆ ಕಳಿಸೋಣ ಅಂತ ದಿನಾ ನೀರು ಹಿಡಿದಿಡ್ತಿದ್ದೆ. ಕ್ಲೋರಿನ್ ಎಲ್ಲಿ ನೋಡ್ಬೇಕು ಅಂತ ಹೇಳಿಕೊಟ್ಟೋರೂ ನೀವೇ. ನಿಮ್ಮನ್ನೇ ನಂಬದ ಮೇಲೆ ನೀವು ತೋರಿಸಿದ ಜಾಗಾನ ಹೇಗೆ ನಂಬೋದು? ಅದಕ್ಕೇ ಆ ತುದೀಲೂ ನೋಡಿದೆ."

"ಒಳ್ಳೇದೇ ಆಯ್ತಲ್ಲ."

"ಒಳ್ಳೇದಾಯ್ತು. ಆದ್ರೆ ನಂಗೆ ಎಷ್ಟು ಸಂಕಟ ಆಯ್ತು ಗೊತ್ತಾ? ಟೀ ಕೊಡೋ ಕೈಯಲ್ಲೇ ನಿಮ್ಮ ಮೇಲೆ ಸಾಕ್ಷಿ ಕೂಡಿಡ್ತಿದ್ದೆ. ಮನೇಲಿ ಅಮ್ಮ, ಯಾಕೆ ಊಟ ಸೇರ್ತಿಲ್ಲ ಅಂತಾರೆ. ಏನು ಹೇಳ್ಲಿ? ನಂಗೆ ಇಷ್ಟ ಆಗಿರೋರು ಕಳ್ಳರು ಅನ್ಸುತ್ತಮ್ಮ ಅಂತ ಹೇಳ್ಲಾ?"

ಹೇಳಿದ್ದು ಏನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಕತ್ತಿನಿಂದ ಕೆನ್ನೆಯವರೆಗೆ ಕೆಂಪೇರಿತು. ನಲ್ಲಿ ಹಾಗೇ ಹರಿಯುತ್ತಿತ್ತು. ಅವನು ಕೈ ಚಾಚಿ ಅದನ್ನು ನಿಲ್ಲಿಸಿದ. ಆ ಕೈ ಹಿಂದಕ್ಕೆ ಬರಲಿಲ್ಲ, ಅವಳ ಒದ್ದೆ ಕೈಯ ಮೇಲೆ ಉಳಿಯಿತು.

"ನನಗೂ ಇಷ್ಟ," ಎಂದ. ಅಷ್ಟು ಚಿಕ್ಕ ಮಾತು ಬರಲು ಎರಡು ವರ್ಷ ಹಿಡಿದಿತ್ತು. "ಅಕ್ಕ ನಿಮ್ಮನ್ನ ನೋಡ್ಬೇಕಂತೆ. ಬರ್ತೀರಾ?"

"ಅಕ್ಕನಿಗೆ ಏನಂತ ಹೇಳಿದೀರಾ ನನ್ನ ಬಗ್ಗೆ?"

"ಏನೂ ಹೇಳಿಲ್ಲ."

"ಗೊತ್ತಿತ್ತು," ಎಂದು ನಕ್ಕಳು. ಈ ಸಲ ನಗು ಕಣ್ಣಿಗೂ ಏರಿತು. ಆಮೇಲೆ ಅವನ ಅಂಗಿಯ ಗುಂಡಿಯೊಂದನ್ನು ನೋಡುತ್ತ, ಬಹಳ ಮೆತ್ತಗೆ ಹೇಳಿದಳು: "ಕ್ಷಮಿಸಿದೀರಾ? ನಿಜ ಹೇಳಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಹಾಗೆ ಯೋಚನೆನೇ ಮಾಡ್ತಿರ್ಲಿಲ್ಲ. ನಂಗೊತ್ತು."

ಅವನು ಬಾಯಿ ತೆರೆದ. ಆಚೆ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು. ಅವಳು ಕಾಯುತ್ತಿದ್ದಳು. ಅವಳ ಮುಖದಲ್ಲಿ ಅವನ ಬಗ್ಗೆ ಈಗ ಯಾವ ಅನುಮಾನವೂ ಉಳಿದಿರಲಿಲ್ಲ.

"ಕ್ಷಮಿಸಿದೆ," ಎಂದ.

ಮುಂದಿನ ವರ್ಷ ಅವರ ಮದುವೆಯಾಯಿತು. ಮೇಷ್ಟ್ರು ಡಯಾಲಿಸಿಸ್ ದಿನ ಬದಲಾಯಿಸಿಕೊಂಡು ಬಂದು, ಮೊದಲ ಸಾಲಿನಲ್ಲಿ ಕೂತು, ಎಲ್ಲರಿಗೂ ತಮ್ಮ ರಕ್ತದ ಕಥೆ ಹೇಳಿದರು. ಅವಳೂ ತನ್ನ ಅನುಮಾನದ ಕಥೆಯನ್ನು ಅಕ್ಕನಿಗೆ, ಭಾವನಿಗೆ, ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಪ್ರತಿ ಸಲವೂ ಕೊನೆಗೆ, "ಇವರು ಮಾತ್ರ ನನ್ನ ಮೇಲೆ ಒಂದು ದಿನಾನೂ ಅನುಮಾನಪಡಲಿಲ್ಲ," ಎನ್ನುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

ಮೆಂಬ್ರೇನ್ ತೊಳೆದ ಆ ಭಾನುವಾರದಿಂದ ಬುಧವಾರದವರೆಗೆ, ಅವಳು ಬರೆದ 'ಇಲ್ಲ'ಗಳಲ್ಲಿ ಸುಳ್ಳಿದೆ ಎಂದು ಅವನು ನಂಬಿದ್ದ. ಇದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.